ಚೆಕ್ ಎಂಜಿನ್ ದೀಪ ಉರಿದರೆ ಸೆನ್ಸರೇ ಕೆಟ್ಟಿದೆ ಅಂತಲ್ಲ!

ಕಳಸದಂಥ ಊರಲ್ಲಿ ಕಾರು ಕೈಕೊಟ್ಟರೆ ಕಷ್ಟ. ದೊಡ್ಡ ಆಸ್ಪತ್ರೆ ಬೇಕೆಂದರೆ ಕುದುರೆಮುಖದ ಘಾಟಿ ಇಳಿದು ಕರಾವಳಿಗೇ ಹೋಗಬೇಕು. ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಚೆಕಪ್‌ಗೆ ಕರೆದೊಯ್ಯುವ ಅಪ್ಪನ ಹಳೇ ಪೆಟ್ರೋಲ್ ಕಾರು ಏರಿನಲ್ಲಿ ಎಳೆಯುವುದನ್ನೇ ಬಿಟ್ಟಿತು. ಜರ್ಕ್ ಹೊಡೀತಿತ್ತು, ಮೈಲೇಜ್ ಇಳಿದಿತ್ತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬೇರೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ ಪ್ರೆಶರ್ ಸೆನ್ಸರ್ ಬದಲಿಸಿದರು. ಹದಿನೈದೇ ದಿನಕ್ಕೆ ದೀಪ ಮತ್ತೆ ಹತ್ತಿತು. ‘ಇಸಿಯುನೇ ಹೋಗಿರ್ಬೇಕು ಸಾರ್, ಹೊಸದು ಹಾಕ್ಬಿಡೋಣ’ ಎಂದರು. ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದರ ಬೆಲೆ ಕೇಳಿದ ಅಪ್ಪ, ‘ಕಾರು ಮಾರೋದೇ ವಾಸಿ ಕಣೋ’ ಅಂದರು.

ಸ್ಕ್ಯಾನರ್ ತೋರಿಸಿದ ಕೋಡ್ ಪಿ0107. ಸೆನ್ಸರ್ ಕೆಟ್ಟಿದೆ ಅಂತ ಅದರ ಅರ್ಥವಲ್ಲ. ‘ಈ ಸೆನ್ಸರಿನ ಸರ್ಕ್ಯೂಟಿನಿಂದ ಬರುವ ವೋಲ್ಟೇಜ್ ತೀರಾ ಕಡಿಮೆ ಇದೆ’ ಅಂತಷ್ಟೇ. ಸಾಫ್ಟ್‌ವೇರಿನಲ್ಲೂ ಹೀಗೇ. ಎರರ್ ಲಾಗ್ ಎಲ್ಲಿ ನೋವು ಅಂತ ಹೇಳುತ್ತೆ, ಕಾರಣ ನಾವೇ ಹುಡುಕಬೇಕು.

ಈ ಸೆನ್ಸರ್ ಮಾಡುವುದೇನು?

ಇದರ ಹೆಸರು ಮ್ಯಾಪ್ ಸೆನ್ಸರ್. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಒತ್ತಡ ಎಷ್ಟಿದೆ ಅಂತ ಅಳೆದು ಇಸಿಯುಗೆ ತಿಳಿಸುತ್ತೆ. ಅದನ್ನು ನೋಡಿಕೊಂಡು ಇಸಿಯು ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಲೆಕ್ಕ ಹಾಕುತ್ತೆ. ಸಿಗ್ನಲ್ ನಂಬುವಂತಿಲ್ಲ ಎಂದಾದರೆ ಅಂದಾಜಿನ ಮೇಲೆ ಎಂಜಿನ್ ನಡೆಸುತ್ತೆ. ಘಾಟಿ ಏರುವಾಗ ಕಾರು ಒದ್ದಾಡುವುದು ಅದಕ್ಕೇ.

ಮೊದಲ ಪರೀಕ್ಷೆ: ಬೆಟ್ಟದ ಗಾಳಿ

ಬೇಕಾಗಿರುವುದು ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ ಮತ್ತು ಫೋನಿನಲ್ಲೊಂದು ಆ್ಯಪ್. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಂಜಿನ್ ನಿಂತಿರುವಾಗ ಒಳಗೂ ಹೊರಗೂ ಒಂದೇ ಒತ್ತಡ. ಹಾಗಾಗಿ ಮ್ಯಾಪ್ ಸೆನ್ಸರ್ ನಿಮ್ಮೂರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು.

ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಮೇಲೆ ಹೋದಂತೆ ನೂರು ಮೀಟರಿಗೆ ಸರಿಸುಮಾರು ಒಂದೊಂದು ಕಡಿಮೆಯಾಗುತ್ತೆ. ಸುಮಾರು 800 ಮೀಟರ್ ಎತ್ತರದ ಕಳಸದಲ್ಲಿ 92ರ ಆಸುಪಾಸು, 1,090 ಮೀಟರಿನ ಚಿಕ್ಕಮಗಳೂರು ಪೇಟೆಯಲ್ಲಿ 89, 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ 80. ಮಂಗಳೂರಿನಲ್ಲಿ 101 ತೋರಿಸುವ ಸೆನ್ಸರ್ ಚಿಕ್ಕಮಗಳೂರಿನಲ್ಲೂ 101 ತೋರಿಸಿದರೆ ಅನುಮಾನಪಡಿ. 89 ತೋರಿಸಿದರೆ ಅದು ಆರೋಗ್ಯದ ಲಕ್ಷಣ.

ಒಂದು ಎಚ್ಚರ: ಹವಾಮಾನದ ಆ್ಯಪ್ ತೋರಿಸುವ ಒತ್ತಡದ ಜೊತೆ ಹೋಲಿಸಬೇಡಿ. ಅದನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿ ಕೊಟ್ಟಿರುತ್ತಾರೆ. ಫೋನಿನಲ್ಲೇ ಬ್ಯಾರೋಮೀಟರ್ ಇದ್ದರೆ ಅದರ ನೇರ ರೀಡಿಂಗ್ ನೋಡಿ.

ಎರಡನೆಯದು: ಐಡಲ್‌ನಲ್ಲಿ

ಈಗ ಸ್ಟಾರ್ಟ್ ಮಾಡಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ, ಎಸಿ ಆಫ್ ಇದ್ದಾಗ, ರೀಡಿಂಗ್ ಸಾಮಾನ್ಯವಾಗಿ 30–40ಕ್ಕೆ ಇಳಿಯುತ್ತೆ. ಆಕ್ಸಿಲರೇಟರ್ ಒತ್ತಿದರೆ ಸರ‍್ರನೆ ಏರಬೇಕು. ಎಂಜಿನ್ ನಿಂತಾಗ ಸರಿಯಿದ್ದು, ಐಡಲ್‌ನಲ್ಲಿ ಮಾತ್ರ 60ರ ಹತ್ತಿರ ನಿಂತರೆ ಸೆನ್ಸರನ್ನು ದೂರಬೇಡಿ. ಎಲ್ಲೋ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಸೋರುತ್ತಿರಬಹುದು. ಟರ್ಬೊ ಡೀಸೆಲ್ ಕಾರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಐಡಲ್‌ನಲ್ಲೂ ಒತ್ತಡ ಹೊರಗಿನ ಗಾಳಿಯಷ್ಟೇ ಇರುವುದು ಸಹಜ.

ಮೂರನೆಯದು: ವೈರು

ನಮ್ಮ ಕಾರು ಕೀ ಆನ್ ಮಾಡಿದಾಗ ಒಮ್ಮೆ 92 ತೋರಿಸುತ್ತಿತ್ತು, ಇನ್ನೊಮ್ಮೆ ದಿಢೀರನೆ ತಳ ಮುಟ್ಟುತ್ತಿತ್ತು. ಕಳಸದಿಂದ ಕಾರು ಒಂದಿಂಚೂ ಅಲುಗಿಲ್ಲ, ಗಾಳಿ ಅಷ್ಟು ಬೇಗ ಹೇಗೆ ಖಾಲಿಯಾಗುತ್ತೆ? ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಇಸಿಯು ಕಡೆಯಿಂದ 5 ವೋಲ್ಟ್ ಬರಬೇಕಿತ್ತು. ಬರುತ್ತಿತ್ತು; ಆದರೆ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಿಸಿದರೆ ಮಾಯ. ಪ್ಲಾಸ್ಟಿಕ್ ಕವಚ ಬಿಡಿಸಿ ನೋಡಿದರೆ ಇಲಿ ಕಡಿದಿತ್ತು! ಒಂದೆರಡು ಎಳೆ ತಂತಿಯಷ್ಟೇ ಅಂಟಿಕೊಂಡಿತ್ತು.

ತೋಟದ ಮನೆಗಳಲ್ಲಿ ಇದು ಹೊಸದಲ್ಲ. ಮಳೆಗಾಲದಲ್ಲಿ ಬಾನೆಟ್ಟಿನ ಒಳಗಿನ ಬೆಚ್ಚಗಿನ ಜಾಗ ಇಲಿಗೆ ಅರಮನೆ. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ವೈರು ಬೆಸುಗೆ ಹಾಕಿ ತೋಳು ಸುತ್ತಿದರು, ಅರ್ಧ ಗಂಟೆಯ ಕೆಲಸ. ಬಿಚ್ಚಿಟ್ಟಿದ್ದ ಹಳೇ ಸೆನ್ಸರನ್ನೂ ಹಾಕಿ ನೋಡಿದೆ, ಅದೂ 92 ತೋರಿಸಿತು. ಇಸಿಯು ಮುಟ್ಟಬೇಕಾಗಿಯೇ ಬರಲಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಮಲ್ಟಿಮೀಟರ್ ಹಿಡಿಯುವ ಅಭ್ಯಾಸ ಇಲ್ಲದಿದ್ದರೂ ಪರವಾಗಿಲ್ಲ. ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಕೋಡ್ ಯಾವುದು? ಎಂಜಿನ್ ನಿಂತಾಗ ರೀಡಿಂಗ್ ಎಷ್ಟು? ಕನೆಕ್ಟರಿಗೆ 5 ವೋಲ್ಟ್, ಅರ್ಥ್ ಎರಡೂ ಬರ್ತಿದೆಯಾ? ಉತ್ತರಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ನಿಧಾನವೆಲ್ಲ ಹಳದಿ ದೀಪಕ್ಕೆ ಮಾತ್ರ. ಅದೂ ಮಿಟುಕುತ್ತಿದ್ದರೆ ಓಡಿಸಬೇಡಿ. ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಹತ್ತಿದರೆ ಅದು ಆಯಿಲ್ ಪ್ರೆಶರ್ ಎಚ್ಚರಿಕೆ. ‘ಸೆನ್ಸರ್ ಇರ್ಬೇಕು ಬಿಡು’ ಅಂತ ಘಾಟಿ ಮುಗಿಸಲು ಹೋಗಬೇಡಿ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ತಕ್ಷಣ ಎಂಜಿನ್ ಆಫ್ ಮಾಡಿ.