ಹಳೆ ಮನೆ ಕೆಡವುವಾಗ ಏಳುವ ದೂಳು

ಕ್ಯಾತ್ಸಂದ್ರದಂಥ ಹೆದ್ದಾರಿ ಬದಿಯ ಊರುಗಳಲ್ಲಿ ಹಳೆಯ ಮನೆ ಕೆಡವಿ ಮಳಿಗೆ ಕಟ್ಟುವುದು ಸಾಮಾನ್ಯ. ಹಿಂದೆ ಆಳುಗಳು ಹಾರೆ, ಸುತ್ತಿಗೆ ಹಿಡಿದು ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ಹಿಟಾಚಿ ಒಂದೆರಡು ದಿನದಲ್ಲಿ ಮುಗಿಸುತ್ತದೆ. ಗೋಡೆ ಮೈಮೇಲೆ ಬಿದ್ದೀತೆಂಬ ಭಯ ಎಲ್ಲರಿಗೂ ಇದೆ, ದೂಳಿನ ಭಯ ಮಾತ್ರ ಯಾರಿಗೂ ಇಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತು ನೋಡುವವರೂ ಉಂಟು!

ಕಣ್ಣಿಗೆ ಕಾಣುವ ದೂಳು ಬಹುಮಟ್ಟಿಗೆ ಮೂಗು, ಗಂಟಲಲ್ಲೇ ತಡೆದು ಸೀನಿದಾಗ, ಕೆಮ್ಮಿದಾಗ ಹೊರಬೀಳುತ್ತದೆ. ಅಪಾಯವಿರುವುದು ಕಾಣದ ಕಣಗಳಲ್ಲಿ. ಮರಳು, ಕಲ್ಲು, ಇಟ್ಟಿಗೆ, ಕಾಂಕ್ರೀಟ್ ಎಲ್ಲದರಲ್ಲೂ ಸಿಲಿಕಾ ಇದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಉಳಿಯುತ್ತವೆ. ಅವುಗಳ ಸುತ್ತ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ.

ಒಂದು ದಿನ ನಿಂತು ನೋಡಿದವರಿಗೆ ಇದು ಬರುವುದಿಲ್ಲ. ಆದರೆ ಅಸ್ತಮಾ ಇದ್ದವರಿಗೆ ಅಂದೇ ರಾತ್ರಿ ಉಬ್ಬಸ ಹೆಚ್ಚಬಹುದು. ಸಿಲಿಕೋಸಿಸ್ ಕಾಡುವುದು ವರ್ಷಗಟ್ಟಲೆ ಇದೇ ಕೆಲಸದಲ್ಲಿರುವವರನ್ನು. ಹಿಟಾಚಿಯ ಚಾಲಕ ಕ್ಯಾಬಿನ್ನಿನ ಬಾಗಿಲು ಮುಚ್ಚಿ ಕುಳಿತರೆ ಸ್ವಲ್ಪ ಪಾರು. ಕೆಳಗೆ ಕಂಬಿ, ಇಟ್ಟಿಗೆ ಆಯುವವರಿಗೆ ಸೆರಗು, ಟವೆಲ್ಲೇ ಗತಿ. ಬಟ್ಟೆ ಈ ಕಣಗಳನ್ನು ತಡೆಯದು. ಮೂಗಿಗೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ಬೇಕು.

ಅದಕ್ಕಿಂತ ಮುಖ್ಯವಾದುದು ನೀರು. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಸ್ಫೋಟಿಸಿ ಕೆಡವಿದಾಗ ಅಕ್ಕಪಕ್ಕದ ಸಾವಿರಾರು ನಿವಾಸಿಗಳನ್ನು ಮೊದಲೇ ಹೊರಗೆ ಕಳುಹಿಸಿದ್ದರು, ದೂಳಿಗೆ ನೀರು ಚಿಮ್ಮಿಸುವ ಯಂತ್ರಗಳನ್ನೂ ನಿಲ್ಲಿಸಿದ್ದರು. ನಮ್ಮಲ್ಲಿ ಒಂದು ಟ್ಯಾಂಕರ್ ನೀರು ತರಿಸುವುದೂ ದಂಡವೆನ್ನುತ್ತಾರೆ. ಹಿಟಾಚಿ ಒಡೆಯುವ ಜಾಗಕ್ಕೇ, ಒಡೆಯುವಾಗಲೇ, ದೂರದಿಂದ ಪೈಪಿನಲ್ಲಿ ನೀರು ಬೀಳುತ್ತಿರಬೇಕು. ಟ್ರ್ಯಾಕ್ಟರಿಗೆ ತುಂಬುವಾಗಲೂ ಅಷ್ಟೇ. ಹಾಗೆಂದು ಮಣ್ಣಿನ ಗೋಡೆಯನ್ನು ಹಿಂದಿನ ದಿನವೇ ತೋಯಿಸಿಡಬೇಡಿ. ನೆನೆದ ಗೋಡೆ ಹೇಳದೆ ಕೇಳದೆ ಕುಸಿದೀತು.

ಚಾವಣಿ ಕಲ್ನಾರಿನ ಶೀಟಿನದಾದರೆ ಅದನ್ನು ಯಂತ್ರದಿಂದ ಒಡೆಸಲೇಬೇಡಿ. ಅದರ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಶೀಟುಗಳನ್ನು ಒದ್ದೆ ಮಾಡಿ, ಬೋಲ್ಟು ಬಿಚ್ಚಿಸಿ, ಇಡಿಯಾಗಿ ಕೆಳಗಿಳಿಸಬೇಕು.

ಕೆಡವುವ ಕೆಲಸದವರಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವೈದ್ಯರನ್ನು ಕಾಣಬೇಕು. ತಮ್ಮ ಕಸುಬು ಏನೆಂದು ಅವರು ಕೇಳದಿದ್ದರೂ ಹೇಳಬೇಕು. ಎಕ್ಸರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಆದ್ದರಿಂದ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.