ಹೊಳೆಯದ ಚಿನ್ನದ ಬೆಲೆ

ನಮ್ಮ ಆಭರಣ ಮಳಿಗೆಗಳಲ್ಲಿ ಇಂದಿಗೂ ‘ಸವರನ್’ ಎಂದರೆ ಎಂಟು ಗ್ರಾಂ ಚಿನ್ನ. ಬ್ರಿಟನ್ನಿನ ಸಾವರಿನ್ ನಾಣ್ಯದ 7.988 ಗ್ರಾಂ ತೂಕವೇ ಈ ಮಾತಿನ ಮೂಲ. ನಾಣ್ಯ ಮರೆಯಾಗಿ ತೂಕವಷ್ಟೇ ಉಳಿದ ಈ ಪದವು ಚಿನ್ನದ ಕುರಿತ ನಮ್ಮ ಧೋರಣೆಯನ್ನೂ ಸೂಚಿಸುತ್ತದೆ. ನಮಗೆ ಚಿನ್ನವೆಂದರೆ ತೂಕ, ಶುದ್ಧತೆ ಮತ್ತು ಹೊಳಪು. ಆದರೆ ನಾಣ್ಯ ಸಂಗ್ರಾಹಕರ ಜಗತ್ತಿನಲ್ಲಿ ಮೇಲ್ಮೈಯೇ ಅನೇಕ ವೇಳೆ ಬೆಲೆಯನ್ನು ನಿರ್ಧರಿಸುತ್ತದೆ.

‘ಪ್ರೂಫ್’ ಎಂಬುದು ನಾಣ್ಯದ ಸ್ಥಿತಿಯ ಹೆಸರಲ್ಲ, ತಯಾರಿಕೆಯ ವಿಧಾನದ ಹೆಸರು. ವಿಶೇಷವಾಗಿ ಸಿದ್ಧಪಡಿಸಿದ ಅಚ್ಚು ಹಾಗೂ ಬಿಲ್ಲೆಗಳನ್ನು ಬಳಸಿ, ಹೆಚ್ಚಿನ ಒತ್ತಡದಲ್ಲಿ ನಿಧಾನವಾಗಿ ಟಂಕಿಸುವುದು ಇದರ ಕ್ರಮ. ಹಿನ್ನೆಲೆ ಕನ್ನಡಿಯಂತೆ ಹೊಳೆಯುತ್ತದೆ. ಉಬ್ಬಿದ ಚಿತ್ರ ಇಬ್ಬನಿ ಕವಿದಂತೆ ಮಂದವಾಗಿ ಕಾಣುತ್ತದೆ. ಪ್ರೂಫ್ ನಾಣ್ಯವೆಂದರೆ ಜನಸಾಮಾನ್ಯರ ಕಲ್ಪನೆಯೂ ಇದೇ.

ಅಮೆರಿಕದ ಟಂಕಸಾಲೆ ಈ ಕಲ್ಪನೆಗೆ ಸವಾಲೊಡ್ಡಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಒತ್ತಾಸೆಯಿಂದ ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸ್ ರೂಪಿಸಿದ 20 ಡಾಲರ್ ಚಿನ್ನದ ನಾಣ್ಯ 1907ರಲ್ಲಿ ಹೊರಬಂದಿತು. ಅದರ ಹಿನ್ನೆಲೆ ಸಮತಟ್ಟಾಗಿರದೆ ತುಸು ಬಾಗಿದ್ದುದರಿಂದ ಅಚ್ಚಿಗೆ ಕನ್ನಡಿಯ ಹೊಳಪು ನೀಡುವುದು ಕಷ್ಟವಾಗಿತ್ತು. 1908ರಲ್ಲಿ ಟಂಕಸಾಲೆ ಬೇರೊಂದು ಉಪಾಯ ಹೂಡಿತು. ಟಂಕಿಸಿದ ಪ್ರೂಫ್ ನಾಣ್ಯಗಳ ಮೇಲೆ ನುಣ್ಣನೆಯ ಮರಳನ್ನು ಗಾಳಿಯ ರಭಸದಲ್ಲಿ ಚಿಮ್ಮಿಸಿ ಮಂದವಾದ, ಏಕರೂಪದ ಮೇಲ್ಮೈಯನ್ನು ಪಡೆಯಿತು.

ಸಂಗ್ರಾಹಕರು ಇದನ್ನು ಮೆಚ್ಚಲಿಲ್ಲ. ಅವರ ಅಸಮಾಧಾನಕ್ಕೆ ಮಣಿದು 1909 ಮತ್ತು 1910ರಲ್ಲಿ ಮರಳಿನ ಸ್ಪರ್ಶವಿಲ್ಲದ, ತಿಳಿಹಳದಿಯ ರೇಷ್ಮೆಯಂಥ ಮೇಲ್ಮೈ ಬಂದಿತು. ಅದೂ ರುಚಿಸಲಿಲ್ಲ. 1911ರಲ್ಲಿ ಮರಳಿನ ವಿಧಾನವೇ ಹಿಂತಿರುಗಿತು. 1908ರಲ್ಲಿ 101 ಇದ್ದ 20 ಡಾಲರ್ ಪ್ರೂಫ್‌ಗಳ ಸಂಖ್ಯೆ 1915ರಲ್ಲಿ 50ಕ್ಕೆ ಇಳಿದು, ಆ ವರ್ಷದೊಂದಿಗೆ ಚಿನ್ನದ ಪ್ರೂಫ್ ತಯಾರಿಕೆಯೇ ನಿಂತಿತು. ಅಂದು ಕೊಳ್ಳುವವರಿಲ್ಲದ್ದರಿಂದ ಅಲ್ಪಸಂಖ್ಯೆಯಲ್ಲಿ ತಯಾರಾದ ಆ ನಾಣ್ಯಗಳಿಗೆ ಇಂದು ಹರಾಜಿನಲ್ಲಿ ಲೋಹದ ಬೆಲೆಯ ಅನೇಕ ಪಟ್ಟು ದೊರೆಯುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ, ಬೇಡಿಕೆಯ ಕೊರತೆಯೇ ಮುಂದೆ ಅಪೂರ್ವತೆಯಾಗುವ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕಿಲ್ಲ.

ಆದರೆ ಈ ಸಂಪತ್ತು ಅತ್ಯಂತ ನಾಜೂಕಾದುದು. ಮರಳಿನ ಕಣಗಳು ಮೂಡಿಸಿದ ಸೂಕ್ಷ್ಮ ಗುಳಿಗಳ ಮೇಲೆ ಬೆರಳು ಉಜ್ಜಿದರೂ ಸಾಕು, ಅಲ್ಲೊಂದು ಹೊಳೆಯುವ ಕಲೆ ಮೂಡುತ್ತದೆ. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ 1902ರಲ್ಲಿ ಬ್ರಿಟನ್ ತಯಾರಿಸಿದ ಮಂದ ಮೇಲ್ಮೈಯ ಸಾವರಿನ್‌ಗಳ ಪಾಡೂ ಇದೇ. ಹೊಳೆಯದ ಚಿನ್ನವನ್ನು ಕೊಳೆಯೆಂದು ಬಗೆದು ಉಜ್ಜಿದರೆ ಉಳಿಯುವುದು ಲೋಹ ಮಾತ್ರ.

ಲೋಹಕ್ಕೂ ನಾಣ್ಯಕ್ಕೂ ಇರುವ ಈ ಅಂತರವನ್ನು ಕಾನೂನು ಸಹ ಮನ್ನಿಸಿದೆ. ಏಪ್ರಿಲ್ 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪ್ರಜೆಗಳು ತಮ್ಮ ಚಿನ್ನವನ್ನು ಬ್ಯಾಂಕುಗಳಿಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದಾಗ, ಸಂಗ್ರಾಹಕರಿಗೆ ವಿಶೇಷ ಮೌಲ್ಯವುಳ್ಳ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಸರ್ಕಾರಿ ಆದೇಶಗಳನ್ನು ಓದುತ್ತಲೇ ವೃತ್ತಿಜೀವನ ಕಳೆದ ನನಗೆ ಆ ಒಂದು ವಾಕ್ಯದ ವಿವೇಕ ಬೆರಗು ಹುಟ್ಟಿಸುತ್ತದೆ.

ಆ ವಿವೇಕ ನಮ್ಮ ಮನೆಗಳಿಗೂ ಬರಬೇಕಿದೆ. 1918ರ ಒಂದೇ ವರ್ಷ ಮುಂಬಯಿಯಲ್ಲಿ ಸಾವರಿನ್‌ಗಳು ತಯಾರಾದವು. ಇಸವಿಯ ಮೇಲಿರುವ ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರ ಅವುಗಳ ಗುರುತು. ಅವು ಪ್ರೂಫ್‌ಗಳಲ್ಲ, ಸಾಮಾನ್ಯ ಚಲಾವಣೆಯ ನಾಣ್ಯಗಳು; ಆದರೂ ನಮ್ಮ ಚರಿತ್ರೆಯ ದಾಖಲೆಗಳು. ಪರಿಚಿತರು ನನಗೆ ತೋರಿಸಲು ತರುವ ಅಜ್ಜಿಯ ಕಾಲದ ನಾಣ್ಯಗಳಲ್ಲಿ ಹೆಚ್ಚಿನವು ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣಿನಿಂದಲೋ ಅಂಟುವಾಳದಿಂದಲೋ ಉಜ್ಜಿಸಿಕೊಂಡಿರುತ್ತವೆ. ಕೆಲವಕ್ಕೆ ಸರದ ಕೊಂಡಿ ಬೆಸೆಯಲಾಗಿರುತ್ತದೆ. ಶ್ರದ್ಧೆಯನ್ನು ನಾನು ಆಕ್ಷೇಪಿಸಲಾರೆ. ಹೂವು, ಕುಂಕುಮ ಏರಿಸಲು ಇತ್ತೀಚಿನ ನಾಣ್ಯವೊಂದು ಸಾಲದೇ?

ಮನೆಯಲ್ಲಿ ಹಳೆಯ ಚಿನ್ನದ ನಾಣ್ಯವಿದ್ದರೆ ಅಂಚಿನಲ್ಲಷ್ಟೇ ಹಿಡಿಯಿರಿ, ತೊಳೆಯಬೇಡಿ, ಉಜ್ಜಬೇಡಿ. ಕರಗಿಸುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಿ. ಕರಗಿದ ಚಿನ್ನದಿಂದ ಬಳೆಯನ್ನು ಮತ್ತೆ ಮಾಡಬಹುದು. ನೂರು ವರ್ಷದ ಮೇಲ್ಮೈಯನ್ನು ಯಾವ ಅಕ್ಕಸಾಲಿಗನೂ ಮರಳಿ ಕೊಡಲಾರ.