ಪಿಸ್ತೂಲಿನ ಹೊಳಪು, ಪಿಸ್ತೂಲಿನ ಗುರಿ: ವರ್ಕ್‌ಶಾಪಿನವರು ಅರಿತಿರಬೇಕಾದ ಸಂಗತಿಗಳು

2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂದಿತು. ಧಾರವಾಡ ಕ್ಷೇತ್ರದ ಮತದಾನ ಮೇ 7ರಂದು ನಡೆದು, ಎಣಿಕೆ ಮುಗಿದದ್ದು ಜೂನ್ 4ರಂದು. ಪ್ರತಿ ಚುನಾವಣೆಯಲ್ಲಿಯೂ ವಿನಾಯಿತಿ ದೊರೆಯದ ಪರವಾನಿಗೆದಾರರು ತಮ್ಮ ಬಂದೂಕು, ಪಿಸ್ತೂಲುಗಳನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಬೇಕಾಗುತ್ತದೆ. ಬಿರುಬೇಸಿಗೆಯಲ್ಲಿ ಒಳಗೆ ಹೋದ ಆಯುಧ ಮುಂಗಾರಿನ ತೇವದಲ್ಲಿ ಹೊರಗೆ ಬರುತ್ತದೆ. ಇಡುವಾಗ ಎಣ್ಣೆ ಸವರದೆ ಇದ್ದರೆ, ಬೆರಳಿನ ಬೆವರು ತಗುಲಿದ ಜಾಗದಲ್ಲೆಲ್ಲ ಕಂದು ಚುಕ್ಕೆಗಳು ಎದ್ದಿರುತ್ತವೆ.

ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಊರಿನ ಒಬ್ಬ ಹತ್ತಿ ವ್ಯಾಪಾರಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅಮರಗೋಳದ ಎಪಿಎಂಸಿ ಪ್ರಾಂಗಣದಿಂದ ನಗದು ಹಣದೊಡನೆ ಸಂಜೆ ಊರಿಗೆ ಮರಳುವ ಕಾಲದಲ್ಲಿ ಅವರು ಆತ್ಮರಕ್ಷಣೆಗೆಂದು .32 ಬೋರಿನ ಪಿಸ್ತೂಲಿಗೆ ಪರವಾನಿಗೆ ಪಡೆದಿದ್ದಾರೆ. ಠೇವಣಿಯಿಂದ ಬಂದ ಪಿಸ್ತೂಲಿಗೆ ತುಕ್ಕು ಹಿಡಿದಿದೆ. ಗೋಕುಲ ರಸ್ತೆ ಕೈಗಾರಿಕಾ ವಸಾಹತಿನಲ್ಲಿಯೋ ತಾರಿಹಾಳದಲ್ಲಿಯೋ ಪರಿಚಯದ ಪ್ಲೇಟಿಂಗ್ ಘಟಕವೊಂದಿದೆ. ವಾಲ್ವಿನ ಸ್ಪಿಂಡಲ್‌ಗೆ ಕನ್ನಡಿಯಂತಹ ಹೊಳಪು ಕೊಡುವವರಿಗೆ ಅಂಗೈಯಷ್ಟು ಉಕ್ಕು ಯಾವ ಲೆಕ್ಕ? ಮಾಲೀಕರು ಬಫಿಂಗ್ ಮಾಡಿಸಿ, ಕ್ರೋಮ್ ಹಾಕಿಸಿ, ಅರ್ಧ ದಿನದಲ್ಲಿ ಕೊಡುತ್ತಾರೆ. ಚಲನ್‌ನಲ್ಲಿ ‘ಸ್ಟೀಲ್ ಪಾರ್ಟ್, 1 ನಗ’ ಎಂದು ಬರೆಯಲಾಗುತ್ತದೆ.

ಕೆಲಸ ಅಚ್ಚುಕಟ್ಟಾಗಿಯೇ ಆಗಿರಬಹುದು. ಆದರೆ ಆ ಚಲನ್‌ನ ಮೇಲೆ ಇಬ್ಬರೂ ಆರೋಪಿಗಳಾಗಬಲ್ಲರು.

ಸಂಖ್ಯೆಯೇ ಆಸ್ತಿ

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕು, ಪಿಸ್ತೂಲುಗಳ ತಯಾರಿಕೆ ಮತ್ತು ಮಾರಾಟಕ್ಕಷ್ಟೇ ಅಲ್ಲ, ದುರಸ್ತಿ, ರೂಪಾಂತರ ಹಾಗೂ ಪರೀಕ್ಷೆಗೂ ಪರವಾನಿಗೆ ಬೇಕು. ದುರಸ್ತಿಗಾಗಿ ಅಂಗಡಿಯಲ್ಲಿ ಇಟ್ಟುಕೊಳ್ಳುವುದೂ ಇದರಲ್ಲಿ ಸೇರಿದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗಗಳು ಮತ್ತು ತಯಾರಿಕಾ ಯಂತ್ರಗಳೂ ಬರುವುದರಿಂದ, ‘ಇಡೀ ಪಿಸ್ತೂಲು ಬಂದಿರಲಿಲ್ಲ, ಸ್ಲೈಡ್ ಮಾತ್ರ ಬಂದಿತ್ತು’ ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ. ಪರವಾನಿಗೆ ಇಲ್ಲದೆ ಈ ವ್ಯವಹಾರ ನಡೆಸಿದವರಿಗೆ ಮೊದಲು 3ರಿಂದ 7 ವರ್ಷಗಳ ಶಿಕ್ಷೆ ಇತ್ತು. 2019ರ ತಿದ್ದುಪಡಿಯು ಅದನ್ನು ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಏರಿಸಿತು. ಜಿಎಸ್‌ಟಿ ನೋಂದಣಿಯಾಗಲಿ, ಕಾರ್ಖಾನೆಯ ಲೈಸೆನ್ಸಾಗಲಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪ್ಲೇಟಿಂಗ್‌ನವರು ವಿಶೇಷವಾಗಿ ನೆನಪಿಡಬೇಕಾದದ್ದು 8ನೆಯ ಕಲಮನ್ನು. ಆಯುಧದ ಮೇಲೆ ಕೊರೆದ ಹೆಸರು, ಸಂಖ್ಯೆ ಅಥವಾ ಗುರುತನ್ನು ಯಾರೂ ಅಳಿಸಬಾರದು, ಬದಲಿಸಬಾರದು. ಗುರುತು ಅಳಿದ ಆಯುಧ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅವರದೇ. ಬಫಿಂಗ್ ಚಕ್ರಕ್ಕೆ ಈ ಕಲಮು ಗೊತ್ತಿರುವುದಿಲ್ಲ. ತುಕ್ಕಿನ ಗುಳಿಗಳನ್ನು ತೆಗೆಯಲು ಮೇಲ್ಮೈಯನ್ನು ಸವೆಸಿದಾಗ ಅಂಕಿಗಳ ಅಂಚು ಮೊದಲು ದುಂಡಾಗುತ್ತದೆ, ಅನಂತರ ತಳ ಆಳ ಕಳೆದುಕೊಳ್ಳುತ್ತದೆ. ಉಳಿದ ಗೆರೆಯನ್ನು ಕ್ರೋಮಿನ ಪದರ ಮುಚ್ಚುತ್ತದೆ. ‘3’ ಯಾವುದು, ‘8’ ಯಾವುದು ಎಂದು ತಿಳಿಯದಂತಾದ ಪಿಸ್ತೂಲು ಪರವಾನಿಗೆ ನವೀಕರಣದ ಪರಿಶೀಲನೆಗೆ ಹೋದಾಗ, ಪುಸ್ತಕದಲ್ಲಿರುವ ಸಂಖ್ಯೆಗೂ ಲೋಹದ ಮೇಲಿನ ಸಂಖ್ಯೆಗೂ ತಾಳೆಯಾಗದು. ಬ್ಯಾಲೆನ್ಸ್ ಶೀಟಿನಲ್ಲಿ ಪಿಸ್ತೂಲಿನ ಬೆಲೆ ಏನೇ ಇರಲಿ, ಅದರ ನಿಜವಾದ ಮೌಲ್ಯ ಆ ಸಂಖ್ಯೆಯಲ್ಲಿದೆ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆಯಲ್ಲವೇ ಎಂದು ಕೇಳುವವರುಂಟು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದ ಆ ವಿನಾಯಿತಿ 3 ಮತ್ತು 4ನೆಯ ಕಲಮುಗಳಿಗೆ, ಅಂದರೆ ಆಯುಧವನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ಒರೆಸಿ, ತೋಕ್‌ಪೂವಿನಿಂದ ಸಿಂಗರಿಸುವುದು ಒಂದು. ದುಡ್ಡಿಗೆ ಪರರ ಕೋವಿಯನ್ನು ದುರಸ್ತಿ ಮಾಡುವುದು ಬೇರೊಂದು.

ಲೇಪನ ಎಂಬುದು ಬರೀ ಅಂದವಲ್ಲ

ಪರವಾನಿಗೆ ಪಡೆದ ದುರಸ್ತಿಗಾರರ ಬಳಿ ಹೋದಾಗಲೂ ಯಾವ ಲೇಪನ ಬೇಕೆಂದು ತಿಳಿದು ಕೇಳುವುದು ಲೇಸು. ಕಾರ್ಖಾನೆಯಿಂದ ಬರುವ ನೀಲಿಗಪ್ಪು ಬಣ್ಣ, ಅಂದರೆ ಬ್ಲ್ಯೂಯಿಂಗ್, ಲೇಪನವೇ ಅಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರಾವಣದಲ್ಲಿ ಉಕ್ಕಿನ ಮೇಲ್ಮೈಯೇ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಅಳತೆ ಬದಲಾಗದು ಎಂಬುದು ಅದರ ಗುಣ. ಎಣ್ಣೆಯಿಲ್ಲದೆ ತುಕ್ಕನ್ನು ಹೆಚ್ಚು ಕಾಲ ತಡೆಯಲಾರದು ಎಂಬುದು ಅದರ ದೋಷ. ಅದೇ ದ್ರಾವಣಕ್ಕೆ ಅಲ್ಯೂಮಿನಿಯಂ ಫ್ರೇಮನ್ನು ಇಳಿಸಿದರೆ ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಹಳ್ಳಿಗಳಲ್ಲಿ ಕಾಣುವ ಹಳೆಯ ಜೋಡಿನಳಿಗೆ ಬಂದೂಕುಗಳ ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯನ್ನು ಬಹುತೇಕ ಬೆಸುಗೆ ಸೀಸದಿಂದ ಹಿಡಿಸಿರುತ್ತಾರೆ. ಈ ದ್ರಾವಣದಲ್ಲಿ ಆ ಬೆಸುಗೆಯೂ ಬಿಡುತ್ತದೆ.

ಫಾಸ್ಫೇಟ್ ಲೇಪನ ಮಂದ ಬೂದು ಬಣ್ಣದ್ದು, ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ; ಸೈನ್ಯದ ಆಯುಧಗಳಿಗೆ ಅದು ಒಗ್ಗಿದ್ದು ಈ ಕಾರಣದಿಂದ. ಹಾರ್ಡ್ ಕ್ರೋಮ್ ಮತ್ತು ನಿಕಲ್ ಗಟ್ಟಿ, ಆದರೆ ಅವು ದಪ್ಪ ಕೂಡಿಸುತ್ತವೆ. ಹತ್ತಿಪ್ಪತ್ತು ಮೈಕ್ರಾನ್ ಎಂದರೆ ಎಷ್ಟು ಎನ್ನಬಹುದು. ಸ್ಲೈಡ್ ಜಾರುವ ಹಳಿಯ ಎರಡೂ ಬದಿಗೆ, ಸ್ಲೈಡಿಗೂ ಫ್ರೇಮಿಗೂ ಅಷ್ಟು ಸೇರಿದರೆ ಸಲೀಸಾಗಿ ಓಡುತ್ತಿದ್ದ ಪಿಸ್ತೂಲು ಬಿಗಿಯತೊಡಗುತ್ತದೆ. ಮತ್ತೊಂದು ಅಪಾಯ ಪ್ಲೇಟಿಂಗ್‌ನವರಿಗೆ ಹೊಸದಲ್ಲ: ಆಮ್ಲದಲ್ಲಿ ತೊಳೆದು ಲೇಪಿಸುವಾಗ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಲೇಪನದ ಬಳಿಕ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿಯಲ್ಲಿ ಕಾಯಿಸಿ ಅದನ್ನು ಹೊರಹಾಕಬೇಕು. ಸ್ಪ್ರಿಂಗ್, ಫೈರಿಂಗ್ ಪಿನ್ನುಗಳನ್ನು ಲೇಪನಕ್ಕೆ ಕೊಡದಿರುವುದೇ ಕ್ಷೇಮ.

ಗುರಿ ತಪ್ಪುವುದು ಎಲ್ಲಿ?

ಹೊಳಪಿನ ಬಳಿಕ ಮಾಲೀಕರ ಎರಡನೆಯ ಬೇಡಿಕೆ, ಗುರಿ ಸುಧಾರಿಸಬೇಕೆಂಬುದು. ನಳಿಗೆಯ ಒಳಗಿನ ಸುರುಳಿ ಗೀರುಗಳು ಸವೆದಿದ್ದರೆ, ಸ್ಲೈಡ್ ಮುಚ್ಚಿದಾಗ ನಳಿಗೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರದಿದ್ದರೆ ಗುಂಡು ಚದರುವುದು ನಿಜ. ನುರಿತ ದುರಸ್ತಿಗಾರ ಅದನ್ನು ಸರಿಪಡಿಸಬಲ್ಲ. ಆದರೆ ಸಣ್ಣ ಲೆಕ್ಕವೊಂದು ಬೇರೆ ಕಥೆ ಹೇಳುತ್ತದೆ. ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ 150 ಮಿ.ಮೀ. ಅಂತರವಿದೆಯೆಂದಾದರೆ, ಮುಂದಿನ ಕಣ್ಣು 1 ಮಿ.ಮೀ. ಸರಿದರೂ 25 ಮೀಟರ್ ದೂರದಲ್ಲಿ ಗುಂಡು ಸುಮಾರು 167 ಮಿ.ಮೀ. ಆಚೆ ಬೀಳುತ್ತದೆ. ಟ್ರಿಗರ್ ಎಳೆಯುವಾಗಿನ ಒಂದು ಚಿಕ್ಕ ಜಗ್ಗುವಿಕೆ ಮಾಡುವ ಹಾನಿಯನ್ನು ಎಷ್ಟು ದುಬಾರಿ ನಳಿಗೆಯೂ ತುಂಬಿಕೊಡಲಾರದು.

ಅದಕ್ಕೆಂದೇ ಟ್ರಿಗರನ್ನು ಹಗುರ ಮಾಡಿಸುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯದ ಕೆಲಸ. ಒಳಗಿನ ಕೊಂಡಿಯ ಅಂಚನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಪಿಸ್ತೂಲು ಕೆಳಗೆ ಬಿದ್ದಾಗ ತಾನೇ ಹಾರಬಹುದು. ಸ್ಪರ್ಧಾ ಕ್ರೀಡೆಯಲ್ಲಿಯೇ ಅಂತರರಾಷ್ಟ್ರೀಯ ನಿಯಮಗಳು 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಟ್ರಿಗರ್ ಭಾರ ಇರಲೇಬೇಕೆನ್ನುತ್ತವೆ. ಸೊಂಟದಲ್ಲಿ ಇಟ್ಟುಕೊಂಡು ಸಂತೆಯಲ್ಲಿ ತಿರುಗುವ ಆಯುಧಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ಭಾರವೇ ಯೋಗ್ಯ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿಸುವುದಂತೂ 6ನೆಯ ಕಲಮಿನಡಿ ಪ್ರತ್ಯೇಕ ಅಪರಾಧ. ಸದ್ದಡಗಿಸುವ ಸಾಧನವನ್ನು ಕಾಯ್ದೆಯು ಆಯುಧವೆಂದೇ ಎಣಿಸುತ್ತದೆ.

ಕೈ ಪಳಗಿಸಲು ಏರ್ ಪಿಸ್ತೂಲು ಅಗ್ಗದ ದಾರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು ಬೋರ್ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್ ಆಯುಧಗಳನ್ನು ಹೊಂದಲು ಪರವಾನಿಗೆ ಬೇಕಿಲ್ಲ. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದೂ 10 ಮೀಟರ್ ಏರ್ ಪಿಸ್ತೂಲೇ. ಈ ಕ್ರೀಡೆಯಲ್ಲಿ ಸುಧಾರಣೆ ಹಿಡಿಕೆಯಿಂದ ಆರಂಭವಾಗುತ್ತದೆ: ಮರದ ಹಿಡಿಕೆಯನ್ನು ಆಟಗಾರನ ಅಂಗೈಗೆ ತಕ್ಕಂತೆ ಕೆತ್ತಿ, ಲುಪ್ಪ ತುಂಬಿ, ಮತ್ತೆ ಉಜ್ಜುತ್ತಾರೆ.

ಹಳೆಯದನ್ನೇ ಸರಿಪಡಿಸಿಕೊಳ್ಳುವ ಒತ್ತಡ ಈಗ ಹೆಚ್ಚಿದೆ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್‌ಗಳ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. 1 ಲಕ್ಷ ರೂಪಾಯಿ ಮೂಲಬೆಲೆಯ ಪಿಸ್ತೂಲಿಗೆ ತೆರಿಗೆಯೇ 40,000. ಹೀಗಾಗಿ ಇಂಥ ಕೆಲಸ ಹುಡುಕಿಕೊಂಡು ವರ್ಕ್‌ಶಾಪಿನ ಬಾಗಿಲಿಗೆ ಬರುವವರು ಹೆಚ್ಚಾದರೆ ಆಶ್ಚರ್ಯವಿಲ್ಲ.

ಈ ಕ್ಷೇತ್ರಕ್ಕೆ ನ್ಯಾಯವಾಗಿ ಇಳಿಯಬಯಸುವ ಉದ್ಯಮಿಗಳಿಗೆ ಬಾಗಿಲು ಮುಚ್ಚಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ರಕ್ಷಣಾ ತಯಾರಿಕೆಯನ್ನು ಖಾಸಗಿಯವರಿಗೆ ತೆರೆಯಿತು. 2017ರ ತಿದ್ದುಪಡಿ ನಿಯಮಗಳು ತಯಾರಿಕಾ ಪರವಾನಿಗೆಯನ್ನು ಪದೇ ಪದೇ ನವೀಕರಿಸುವ ತೊಡಕನ್ನು ತೆಗೆದವು. ವಾಹನಗಳ ಸ್ಪ್ರಿಂಗ್‌ಗಳಿಗೆ ಹೆಸರಾದ ಬೆಂಗಳೂರಿನ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಬಳಗ ಎಸ್‌ಎಸ್‌ಎಸ್ ಡಿಫೆನ್ಸ್ ಮೂಲಕ ಸ್ನೈಪರ್ ರೈಫಲ್ ತಯಾರಿಕೆಗೆ ಬಂದದ್ದು ಇದೇ ದಾರಿಯಲ್ಲಿ. ಇಂಥ ಕಂಪನಿಗಳಿಂದ ಬಿಡಿಭಾಗದ ಜಾಬ್ ವರ್ಕ್ ಬಂದಾಗ ಅವರ ಪರವಾನಿಗೆಯ ಪ್ರತಿಯನ್ನೂ, ತಮಗೆ ಯಾವ ಪರವಾನಿಗೆ ಬೇಕಾಗುತ್ತದೆಂಬ ಲಿಖಿತ ಉತ್ತರವನ್ನೂ ದರದ ಮಾತಿಗೆ ಮೊದಲೇ ಪಡೆಯುವುದು ಒಳಿತು.

ಇನ್ನು ಸುಳ್ಳದ ಆ ವ್ಯಾಪಾರಿಗೆ ಬೇಕಾದದ್ದು ಇಷ್ಟೇ: ಠೇವಣಿಗೆ ಮುನ್ನ ಪಿಸ್ತೂಲನ್ನು ಖಾಲಿ ಮಾಡಿ, ಒರೆಸಿ, ತೆಳುವಾಗಿ ಎಣ್ಣೆ ಸವರುವುದು, ಚರ್ಮದ ಚೀಲ ತೇವ ಹಿಡಿಯುವುದರಿಂದ ಅದರಿಂದ ಹೊರತೆಗೆದು ಕೊಡುವುದು, ರಸೀದಿಯಲ್ಲಿ ಪಿಸ್ತೂಲಿನ ಪೂರ್ಣ ಸಂಖ್ಯೆ ಬರೆಸಿಕೊಂಡು, ಪರವಾನಿಗೆ ಪುಸ್ತಕದೊಡನೆ ಅಲ್ಲಿಯೇ ತಾಳೆ ನೋಡುವುದು. ತುಕ್ಕು ಬಂದೇಬಿಟ್ಟರೆ, ದುರಸ್ತಿ ಪರವಾನಿಗೆ ಇರುವ ಬಂದೂಕು ಅಂಗಡಿಗೆ ಪುಸ್ತಕ ಸಮೇತ ಒಯ್ದು, ಸಂಖ್ಯೆಯಿರುವ ಭಾಗಕ್ಕೆ ಬಫಿಂಗ್ ಬೇಡವೆಂದು ಕೆಲಸದ ಚೀಟಿಯಲ್ಲಿಯೇ ಬರೆಸಬೇಕು.